ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ: ಕೈಸಾಲ ಕೊಡುವವರಿಗೊಂದು ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಒಂದು ಮದುವೆ ಊಟಕ್ಕೆ ಕೂತಿದ್ದೆ. ಎದುರು ಸಾಲಿನಲ್ಲಿ ನನ್ನ ಹಳೆಯ ಗೆಳೆಯ. ನನ್ನಿಂದ 60,000 ರೂಪಾಯಿ ಕೈಸಾಲ ತೆಗೆದುಕೊಂಡಿದ್ದ. ಮೂರೇ ತಿಂಗಳಲ್ಲಿ ಕೊಡುತ್ತೇನೆ ಎಂದಿದ್ದ. ಅದು ಹನ್ನೊಂದನೇ ತಿಂಗಳು. ಹೋಳಿಗೆ ಬಡಿಸುವವರು ಬಂದರು. ಒಂದು ಹಾಕಿಸಿಕೊಂಡ. ಸ್ವಲ್ಪ ಹೊತ್ತಿಗೆ ಅವರನ್ನು ಮತ್ತೆ ಕರೆದು ಇನ್ನೊಂದು ಹಾಕಿಸಿಕೊಂಡ, ಮೇಲೆ ತುಪ್ಪ ಬೇರೆ. ನನ್ನ ಮನಸ್ಸು ತಕ್ಷಣ ಅಂದಿತು: ‘ನೋಡು, ನನ್ನ ದುಡ್ಡಲ್ಲಿ ಹೇಗೆ ತಿಂತಿದಾನೆ!’

ಹೋಳಿಗೆ ಹೆಣ್ಣಿನ ಮನೆಯವರದ್ದು. ತುಪ್ಪವೂ ಅವರದ್ದೇ. ನನ್ನ ಅರವತ್ತು ಸಾವಿರಕ್ಕೂ ಆ ಎಲೆಗೂ ಏನೇನೂ ಸಂಬಂಧ ಇರಲಿಲ್ಲ. ಆದರೂ ಅವತ್ತು ನನಗೆ ಊಟ ಸೇರಲಿಲ್ಲ. ಮನೆಗೆ ಬಂದ ಮೇಲೆ ನನ್ನ ಮೇಲೇ ಬೇಜಾರಾಯಿತು. ಒಬ್ಬ ಮನುಷ್ಯ ತಿನ್ನುವ ಹೋಳಿಗೆ ಎಣಿಸುವ ಮಟ್ಟಕ್ಕೆ ನಾನು ಬಂದಿದ್ದೆ. ಸಾಲ ತೆಗೆದುಕೊಂಡವನ ಬುದ್ಧಿ ಕೆಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕೊಟ್ಟವನ ಬುದ್ಧಿಯೂ ಕೆಡುತ್ತದೆ, ಅದನ್ನು ಯಾರೂ ಹೇಳುವುದಿಲ್ಲ.

ನಮ್ಮಲ್ಲಿ ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂಬ ಮಾತಿದೆ. ತಮಾಷೆಯ ಮಾತು, ಆದರೆ ಅರ್ಧ ಮಾತ್ರ ನಿಜ. ಇಬ್ಬರೂ ಕೋಡಂಗಿಗಳಾಗುವುದನ್ನು ನಾನು ಜಾಸ್ತಿ ನೋಡಿದ್ದೇನೆ. ಕೊಡಲೇಬೇಡಿ ಎಂದು ನಾನು ಹೇಳುವುದಿಲ್ಲ. ಕೈಸಾಲ ಇಲ್ಲದೆ ನಮ್ಮ ಎಷ್ಟೋ ಮನೆಗಳ ಆಸ್ಪತ್ರೆ ಖರ್ಚು, ಕಾಲೇಜು ಫೀಸು, ಬೋರ್‌ವೆಲ್ ನಡೆಯುವುದೇ ಇಲ್ಲ. ಹೇಗೆ ಕೊಟ್ಟರೆ ಹೋಳಿಗೆ ಎಣಿಸುವ ಸ್ಥಿತಿ ಬರುವುದಿಲ್ಲ ಎಂಬುದಷ್ಟೇ ಇಲ್ಲಿನ ವಿಷಯ.

ಕೇಳಿದ ಕೂಡಲೇ ‘ಹೂಂ’ ಅನ್ನಬೇಡಿ

ನಮ್ಮ ಅಪ್ಪನಿಗೆ ಹೋಬಳಿ ಊರಿನಲ್ಲಿ ಒಂದು ಸಣ್ಣ ಜವಳಿ ಅಂಗಡಿ ಇತ್ತು. ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ಗೋಡೆಯ ಮೇಲಿತ್ತು. ಅದರ ಕೆಳಗೇ ಕೂತು ಅಪ್ಪ ದಿನವಿಡೀ ಉದ್ರಿ ಬರೆಯುತ್ತಿದ್ದರು. ಬಟ್ಟೆ ಉದ್ರಿ ಕೊಡುವುದಕ್ಕೆ ಅವರು ಯೋಚಿಸುತ್ತಿರಲಿಲ್ಲ. ಆದರೆ ಯಾರಾದರೂ ದುಡ್ಡು ಕೇಳಿದರೆ ಮಾತ್ರ ಒಂದೇ ಉತ್ತರ: “ನಾಳೆ ಬೆಳಗ್ಗೆ ಬಾರಪ್ಪ, ಮಾತಾಡೋಣ.” ಜೇಬಲ್ಲಿ ದುಡ್ಡಿದ್ದರೂ ಅದೇ, ಇಲ್ಲದಿದ್ದರೂ ಅದೇ. ಕೇಳಿದವರಲ್ಲಿ ಕೆಲವರು ಬೆಳಗ್ಗೆ ಬರುತ್ತಲೇ ಇರಲಿಲ್ಲ, ರಾತ್ರಿ ಕಳೆಯುವುದರೊಳಗೆ ಬೇರೆ ದಾರಿ ಕಂಡಿರುತ್ತಿತ್ತು.

ಈ ಒಂದು ರಾತ್ರಿ ಯಾಕೆ ಬೇಕು? ಸಾಲ ಕೇಳುವವರು ಮೂರು ದಿನ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಬಂದಿರುತ್ತಾರೆ. ನೀವು ಸಿದ್ಧವಾಗಿರುವುದಿಲ್ಲ. ಫೋನ್ ಬರುತ್ತದೆ. ಮಳೆ ಹೇಗಿದೆ, ಮಕ್ಕಳು ಯಾವ ಕ್ಲಾಸು, ಅತ್ತೆಯ ಮಂಡಿನೋವು ಹೇಗಿದೆ, ಎಲ್ಲಾ ಆಗುತ್ತದೆ. ‘ಸರಿ ಇಡ್ತೀನಿ’ ಎನ್ನುವ ಜಾಗದಲ್ಲಿ ಒಂದು ಸಣ್ಣ ಮೌನ. ಆಮೇಲೆ, “ಏನಿಲ್ಲ, ಒಂದ್ ವಿಷಯ ಇತ್ತು...” ಆ ಮೌನ ಕೇಳಿಸಿತೆಂದರೆ ಎದ್ದು ನೀರು ಕುಡಿದು ಕೂತುಕೊಳ್ಳಿ.

ಪೂರ್ತಿ ಕೇಳಿ. ನಡುವೆ ಬಾಯಿ ಹಾಕಿ ‘ಮೊದಲೇ ಹೇಳಿದ್ದೆ, ಅಷ್ಟು ದೊಡ್ಡ ಮನೆ ಕಟ್ಟಬೇಡ ಅಂತ’ ಎನ್ನಬೇಡಿ. ಕೇಳುವುದಕ್ಕೇ ಅವರಿಗೆ ಸಾಕಷ್ಟು ಕಷ್ಟವಾಗಿರುತ್ತದೆ. ಪೂರ್ತಿ ಕೇಳಿದ ಮೇಲೆ ಹೀಗೆ ಹೇಳಿ: “ವಿಷಯ ಗೊತ್ತಾಯ್ತು. ಮನೇಲಿ ಮಾತಾಡಿ ನಾಳೆ ಸಂಜೆಯೊಳಗೆ ನಾನೇ ಫೋನ್ ಮಾಡ್ತೀನಿ.” ಆಮೇಲೆ ನಿಜವಾಗಿಯೂ ಮಾಡಿ. ಕಾಯಿಸಿ ಕಾಯಿಸಿ ಕೊನೆಗೆ ಇಲ್ಲ ಎನ್ನುವುದಕ್ಕಿಂತ ಮೊದಲೇ ಇಲ್ಲ ಎನ್ನುವುದು ಎಷ್ಟೋ ಮೇಲು, ಅವರು ಬೇರೆಯವರನ್ನಾದರೂ ಕೇಳಬಹುದು.

ಆಸ್ಪತ್ರೆಯ ಬಾಗಿಲಲ್ಲಿ ನಿಂತು ಫೋನ್ ಮಾಡಿದವರಿಗೆ ಈ ನಿಯಮ ಇಲ್ಲ. ಅಲ್ಲಿ ಕೈಗೆ ಸಿಕ್ಕಷ್ಟು ಕಳಿಸಿ, ಲೆಕ್ಕ ಆಮೇಲೆ.

ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ

‘ಯಾಕೆ ಅಂತ ಕೇಳೋದು ಚೆನ್ನಾಗಿರಲ್ಲ’ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಗೆಳೆಯ ‘ಸ್ವಲ್ಪ ಟೈಟ್ ಇದೆ ಕಣೋ’ ಎಂದ. ನಾನು ದೊಡ್ಡ ಮನುಷ್ಯನ ಹಾಗೆ ‘ಕಾರಣ ಹೇಳೋದೇನೂ ಬೇಡ’ ಎಂದೆ. ಕೇಳಿದ್ದರೆ ಗೊತ್ತಾಗುತ್ತಿತ್ತು: ಆ ದುಡ್ಡು ಹೋಗಿದ್ದು ಇನ್ನೊಂದು ಸಾಲ ತೀರಿಸುವುದಕ್ಕೆ.

ಇದು ಗಮನಿಸಬೇಕಾದ ವಿಷಯ. ನಮ್ಮ ಕಡೆ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುತ್ತಾರೆ, ‘ನೂರಕ್ಕೆ ಎರಡು’, ‘ನೂರಕ್ಕೆ ಮೂರು’ ಎಂದು. ಕೇಳುವುದಕ್ಕೆ ಮೂರೇ ರೂಪಾಯಿ ಅನಿಸುತ್ತದೆ. ವರ್ಷಕ್ಕೆ ಹಾಕಿದರೆ ನೂರಕ್ಕೆ 36 ಆಗುತ್ತದೆ. ಒಂದು ಲಕ್ಷಕ್ಕೆ ತಿಂಗಳಿಗೆ 3,000, ವರ್ಷಕ್ಕೆ 36,000, ಅಸಲು ಅಲ್ಲೇ ಹಾಗೇ ಇರುತ್ತದೆ. ಮೀಟರ್ ಬಡ್ಡಿ ಇದಕ್ಕಿಂತ ಕೆಟ್ಟದ್ದು. ಇಂಥ ಹೊಂಡದಲ್ಲಿರುವವರಿಗೆ ನೀವು ಕೊಡುವ ಇಪ್ಪತ್ತು ಮೂವತ್ತು ಸಾವಿರ ಕೆಲವು ತಿಂಗಳ ಬಡ್ಡಿಗೆ ಹೋಗುತ್ತದೆ. ಹೊಂಡ ಹಾಗೇ ಉಳಿಯುತ್ತದೆ, ಸಾಲ ಕೊಟ್ಟವರ ಪಟ್ಟಿಗೆ ನಿಮ್ಮ ಹೆಸರೂ ಸೇರುತ್ತದೆ. ಅಲ್ಲಿ ಅವರ ಜೊತೆ ಒಂದು ಸಂಜೆ ಕೂತು, ಯಾರಿಗೆ ಎಷ್ಟು, ಯಾವ ಬಡ್ಡಿ ಎಂದು ಒಂದು ಹಾಳೆಯಲ್ಲಿ ಬರೆಸುವುದು ದುಡ್ಡಿಗಿಂತ ಜಾಸ್ತಿ ಉಪಕಾರ. ಮನೆಯಲ್ಲಿ ಚಿನ್ನ ಇದ್ದರೆ ಬ್ಯಾಂಕಿನ ಒಡವೆ ಸಾಲ, ಕೆಲಸದಲ್ಲಿದ್ದರೆ ಅಲ್ಲಿನ ಸೊಸೈಟಿ ಸಾಲ, ಇವುಗಳ ಬಡ್ಡಿ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕಡಿಮೆ. ಜೊತೆಗೆ ಹೋಗಿ ಅರ್ಜಿ ತುಂಬಿಸಿ ಕೊಡಿ.

ಫೀಸು, ಆಪರೇಷನ್, ಮನೆ ಬಾಡಿಗೆಯ ಅಡ್ವಾನ್ಸ್ ತರಹದ್ದು ಬೇರೆ. ಒಂದು ಸಲದ ಖರ್ಚು, ಮುಗಿಯಿತೆಂದರೆ ಮುಗಿಯಿತು. ಇವುಗಳಿಗೆ ಕೊಟ್ಟ ದುಡ್ಡು ನನ್ನ ಅನುಭವದಲ್ಲಿ ತಡವಾದರೂ ವಾಪಸ್ ಬಂದಿದೆ. ಹೊಸ ವ್ಯಾಪಾರಕ್ಕೆ ಕೇಳಿದರೆ ಅದನ್ನು ಸಾಲ ಎಂದು ಕೊಡಬೇಕೋ ಪಾಲು ಎಂದು ಕೊಡಬೇಕೋ ಎನ್ನುವುದನ್ನು ಮೊದಲೇ ತೀರ್ಮಾನ ಮಾಡಿ. ಎರಡೂ ಬೆರೆತರೆ ನಷ್ಟವಾದಾಗ ಅದು ಪಾಲು, ಲಾಭವಾದಾಗ ಸಾಲ ಆಗುತ್ತದೆ.

ಎಷ್ಟು ಕೊಡಬಹುದು

ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ಕೊಡಬೇಕೆಂದಿರುವ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆಯಿರಿ. ಈ ದುಡ್ಡು ವಾಪಸ್ ಬರುವುದೇ ಇಲ್ಲ ಎಂದುಕೊಳ್ಳಿ. ಆಮೇಲೂ ಆ ಮನುಷ್ಯ ಯುಗಾದಿಗೆ ಮನೆಗೆ ಬಂದರೆ ನಗುತ್ತಾ ಬೇವುಬೆಲ್ಲ ಕೊಡಲು ಆಗುತ್ತದಾ? ಆಗುವುದಿಲ್ಲ ಎನಿಸಿದರೆ ಮೊತ್ತ ಕಡಿಮೆ ಮಾಡಿ. ಮತ್ತೆ ಕೇಳಿಕೊಳ್ಳಿ. ಎಲ್ಲಿ ಮನಸ್ಸು ‘ಹೋದರೆ ಹೋಯ್ತು’ ಅನ್ನುತ್ತದೋ ಅಲ್ಲಿ ನಿಲ್ಲಿ. ಅದು ನಿಮ್ಮ ಕೈಸಾಲದ ಮಿತಿ. ಒಬ್ಬೊಬ್ಬರ ವಿಷಯದಲ್ಲಿ ಬೇರೆ ಬೇರೆ ಇರುತ್ತದೆ. ನನ್ನ ಅಕ್ಕನ ವಿಷಯದಲ್ಲಿ ಅದು ದೊಡ್ಡದು. ಆ ಗೆಳೆಯನ ವಿಷಯದಲ್ಲಿ, ನಿಜ ಹೇಳಬೇಕೆಂದರೆ, 20,000.

ಹಾಗಿದ್ದರೆ 60,000 ಯಾಕೆ ಕೊಟ್ಟೆ? ಅವನು “ನಿನ್ನ ಬಿಟ್ರೆ ನಂಗೆ ಯಾರಿದಾರೆ ಹೇಳು” ಎಂದ. ಆ ಮಾತಿಗೆ ನಾನು ಉಬ್ಬಿ ಹೋದೆ. (ಅದೇ ಮಾತನ್ನು ಇನ್ನೂ ಇಬ್ಬರಿಗೆ ಹೇಳಿದ್ದ ಎಂದು ಆಮೇಲೆ ಗೊತ್ತಾಯಿತು. ಬೇಜಾರೇನಿಲ್ಲ, ಕಷ್ಟದಲ್ಲಿರುವವನು ಎಲ್ಲಾ ಬಾಗಿಲೂ ತಟ್ಟುತ್ತಾನೆ.) ಕೊಡುವಾಗ ನಾವು ಬರೀ ಕರುಣೆಯಿಂದ ಕೊಡುತ್ತೇವೆ ಅಂದುಕೊಳ್ಳುತ್ತೇವೆ. ಅದರ ಜೊತೆಗೆ ದೊಡ್ಡವನಾಗುವ ಖುಷಿಯೂ ಇರುತ್ತದೆ. ಆ ಖುಷಿಗೆ ನಾನು ತೆತ್ತ ಬೆಲೆ ಆ ಹೆಚ್ಚಿನ ನಲವತ್ತು ಸಾವಿರ ಎಂದುಕೊಂಡಿದ್ದೇನೆ.

ಮನೆಯಲ್ಲಿ ಹೇಳದೆ ಕೊಡಬೇಡಿ. ಹೆಂಡತಿಗೆ ಹೇಳದೆ ಗಂಡ, ಗಂಡನಿಗೆ ಹೇಳದೆ ಹೆಂಡತಿ ಕೊಟ್ಟ ಸಾಲ ಎರಡು ಜಗಳ ತರುತ್ತದೆ, ಒಂದು ಹೊರಗೆ, ಒಂದು ಒಳಗೆ. ಒಳಗಿನದ್ದೇ ಜಾಸ್ತಿ ದಿನ ನಡೆಯುವುದು.

ಇಲ್ಲ ಎನ್ನುವುದಾದರೆ

ಸುಳ್ಳು ಹೇಳಬೇಡಿ. ಇದು ದೊಡ್ಡ ನೀತಿಯ ಮಾತೇನೂ ಅಲ್ಲ, ಸುಮ್ನೆ ಅನುಕೂಲದ ಮಾತು. ‘ಕೈಯಲ್ಲಿ ಒಂದು ಪೈಸೆ ಇಲ್ಲ’ ಎಂದ ತಿಂಗಳಲ್ಲೇ ನೀವು ಸ್ಕೂಟರ್ ತಗೊಂಡರೆ ಆ ಸುದ್ದಿ ಅವರಿಗೆ ಮುಟ್ಟಿಯೇ ಮುಟ್ಟುತ್ತದೆ. ಅವರಿಗೆ ನೀವು ಕೊಡದಿದ್ದದ್ದು ಮರೆತು ಹೋಗಬಹುದು, ಸುಳ್ಳು ಹೇಳಿದ್ದು ಮರೆಯುವುದಿಲ್ಲ. ‘ನಂದೇನಿಲ್ಲಪ್ಪ, ನಮ್ಮನೆಯವಳು ಒಪ್ಪಲ್ಲ’ ಎನ್ನುವುದು ಇನ್ನೂ ಕೆಟ್ಟದ್ದು. ನಿಮ್ಮ ಹೆಂಡತಿ ಏನೂ ಮಾಡದೆ ಒಬ್ಬ ವೈರಿಯನ್ನು ಸಂಪಾದಿಸುತ್ತಾಳೆ.

ಕಾರಣಗಳ ಪಟ್ಟಿ ಕೊಡಲೇಬೇಡಿ. ಒಂದು ಕಾರಣ ಕೊಟ್ಟರೆ ಅವರು ಅದಕ್ಕೊಂದು ಪರಿಹಾರ ಹೇಳುತ್ತಾರೆ. ನೀವು ಎರಡನೇ ಕಾರಣ ಹುಡುಕಬೇಕಾಗುತ್ತದೆ. ಇಷ್ಟು ಸಾಕು: “ಕೇಳಿದ್ದಕ್ಕೆ ಬೇಜಾರಿಲ್ಲ ಕಣಪ್ಪ. ಅಷ್ಟು ಕೊಡೋಕೆ ನನ್ ಕೈಲಿ ಆಗಲ್ಲ. ಐದು ಸಾವಿರ ಕೊಡ್ತೀನಿ, ಅದನ್ನ ವಾಪಸ್ ಕೊಡೋದು ಬೇಡ.” ಇಲ್ಲ ಎಂಬ ಮಾತಿಗೆ ಒಂದು ಸಣ್ಣ ಕೊಡುಗೆ ಸೇರಿದರೆ ಕೇಳಿದವರು ಬರಿಗೈಯಲ್ಲಿ ಎದ್ದು ಹೋಗುವುದಿಲ್ಲ. ಐದು ಸಾವಿರವೂ ಇಲ್ಲವೆಂದರೆ ಒಂದು ವಾರ ಬಿಟ್ಟು ನೀವೇ ಫೋನ್ ಮಾಡಿ ‘ಏನಾಯ್ತು, ವ್ಯವಸ್ಥೆ ಆಯ್ತಾ’ ಎಂದು ಕೇಳಿ. ಬಹಳ ಜನ ಇಲ್ಲ ಎಂದ ಮೇಲೆ ಮುಖ ತೋರಿಸಲು ನಾಚಿಕೊಂಡು ದೂರವಾಗುತ್ತಾರೆ. ಸಂಬಂಧ ಕೆಡುವುದು ಆ ದೂರದಿಂದ.

ಮುಯ್ಯಿ ಪುಸ್ತಕ ನೆನಪಿದೆಯಾ?

ಕೊಡುವುದು ಎಂದು ತೀರ್ಮಾನವಾಯಿತು. ಈಗ ಎಲ್ಲರೂ ಹಿಂಜರಿಯುವ ಹೆಜ್ಜೆ: ಬರೆದಿಡುವುದು. ‘ನಮ್ ನಮ್ಮಲ್ಲಿ ಎಂಥ ಬರವಣಿಗೆ’, ‘ಅಣ್ಣನ ಹತ್ರ ಸಹಿ ಹಾಕಿಸ್ಕೊಳ್ಳೋದಾ’ ಎನ್ನುತ್ತಾರೆ.

ಹಳೇ ಮೈಸೂರಿನ ಕಡೆಯ ಹಳ್ಳಿ ಮದುವೆಗೆ ಹೋಗಿದ್ದೀರಾ? ಚಪ್ಪರದಲ್ಲಿ ಒಂದು ಮೇಜು, ಮನೆಗೆ ಬೇಕಾದ ಒಬ್ಬರು ಪುಸ್ತಕ ಹಿಡಿದು ಕೂತಿರುತ್ತಾರೆ. ಬಂದವರು ಮುಯ್ಯಿ ಕೊಡುತ್ತಾರೆ. ಹೆಸರು, ಊರು, ಮೊತ್ತ, ಎಲ್ಲಾ ಬರೆದುಕೊಳ್ಳುತ್ತಾರೆ. ಕೊಟ್ಟವರೂ ಬಗ್ಗಿ ನೋಡಿ ‘ಸರಿಯಾಗಿ ಬರ್ಕೋ, ಐನೂರಾ ಒಂದು’ ಎನ್ನುತ್ತಾರೆ. ನಾಳೆ ಅವರ ಮನೆಯಲ್ಲಿ ಶುಭಕಾರ್ಯ ಆದಾಗ ಪೆಟ್ಟಿಗೆಯಿಂದ ಅದೇ ಪುಸ್ತಕ ತೆಗೆದು, ಅಷ್ಟಕ್ಕೆ ಸ್ವಲ್ಪ ಸೇರಿಸಿ ಮುಯ್ಯಿ ತೀರಿಸುತ್ತಾರೆ. ನೂರಾರು ಜನರ ಎದುರು ನಡೆಯುವ ಬರವಣಿಗೆ ಇದು. ಯಾರಿಗೂ ಅವಮಾನ ಅನಿಸುವುದಿಲ್ಲ. ಹೊಲದಲ್ಲಿ ಮುಯ್ಯಾಳು ಲೆಕ್ಕವೂ ಹಾಗೇ, ನಿಮ್ಮ ನಾಟಿಗೆ ನಮ್ಮ ಮನೆಯಿಂದ ಎಷ್ಟು ಆಳು ಬಂದರು ಎಂದು ಎರಡೂ ಮನೆಗೆ ಗೊತ್ತಿರುತ್ತದೆ. ನಮ್ಮ ಹಿರಿಯರು ಪ್ರೀತಿಗೂ ಲೆಕ್ಕಕ್ಕೂ ಜಗಳ ಹಚ್ಚಿರಲಿಲ್ಲ. ನಾವು ಹಚ್ಚಿಕೊಂಡಿದ್ದೇವೆ.

ಬರೆಯದಿದ್ದರೆ ಏನಾಗುತ್ತದೆ? ಮೋಸದ ಮಾತು ಬಿಡಿ, ಅದು ಅಪರೂಪ. ನೆನಪು ಇಬ್ಬರಿಗೂ ಬೇರೆ ಬೇರೆ ದಾರಿ ಹಿಡಿಯುತ್ತದೆ. ಕೊಟ್ಟವರಿಗೆ ‘ಮೂರು ತಿಂಗಳು’ ಎಂದು ನೆನಪು. ತೆಗೆದುಕೊಂಡವರಿಗೆ ‘ಅನುಕೂಲ ಆದಾಗ ಕೊಡು ಅಂದಿದ್ದ’ ಎಂದು ನೆನಪು. ಇಬ್ಬರೂ ದೇವರಾಣೆ ಇಟ್ಟು ಹೇಳುತ್ತಾರೆ, ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಸಣ್ಣ ಮೊತ್ತಕ್ಕೆ ಒಂದು ವಾಟ್ಸಾಪ್ ಮೆಸೇಜ್ ಸಾಕು: ‘ಈ ದಿನ 10,000 ಕಳಿಸಿದೀನಿ, ದೀಪಾವಳಿಯೊಳಗೆ ಅಂತ ಮಾತಾಗಿದೆ, ಸರಿ ತಾನೆ?’ ಅವರು ‘ಸರಿ’ ಎಂದರೆ ಮುಗಿಯಿತು. ಯುಪಿಐನಲ್ಲಿ ಕಳಿಸುವಾಗ ಟಿಪ್ಪಣಿ ಜಾಗದಲ್ಲಿ ‘ಕೈಸಾಲ’ ಎಂದು ಬರೆಯಿರಿ. ಅಷ್ಟು ಬರೆಯದೆ ಕಳಿಸಿದ್ದನ್ನು ಮುಂದೆ ಯಾರಾದರೂ ಉಡುಗೊರೆ ಎಂದರೂ ಎನ್ನಬಹುದು.

ಮೊತ್ತ ದೊಡ್ಡದಾದರೆ ಪ್ರೊನೋಟು ಬರೆಸಿ, ಅಂದರೆ ‘ಕೇಳಿದಾಗ ಇಷ್ಟು ದುಡ್ಡು ಕೊಡುತ್ತೇನೆ’ ಎಂದು ಬರೆದುಕೊಡುವ ಪತ್ರ. ಯಾರು ಯಾರಿಗೆ, ಎಷ್ಟು (ಅಂಕಿ ಮತ್ತು ಅಕ್ಷರ ಎರಡರಲ್ಲೂ), ಯಾವ ದಿನ, ಬಡ್ಡಿ ಇದೆಯಾ ಇಲ್ಲವಾ, ಇಷ್ಟು ಬರೆದು ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಹಾದುಹೋಗುವಂತೆ ಸಹಿ ಹಾಕಿಸುತ್ತಾರೆ. ಅದಕ್ಕೆ ಮೂರು ವರ್ಷದ ವಾಯಿದೆ ಇದೆ ಎಂಬುದು ಹಳ್ಳಿಯವರಿಗೂ ಗೊತ್ತು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಕೇಳಿದಾಗ ಕೊಡುವ ಪ್ರೊನೋಟಿಗೆ ಬರೆದ ದಿನದಿಂದ ಮೂರು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ಆ ಅವಧಿ ಮುಗಿಯುವ ಮೊದಲೇ ಸಾಲ ತೆಗೆದುಕೊಂಡವರು ‘ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಹಾಕಿಕೊಟ್ಟರೆ ಮತ್ತೆ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಮುಗಿದ ಮೇಲೆ ಎಚ್ಚೆತ್ತವರೇ ಜಾಸ್ತಿ.

ನಗದು ಕೊಡುವವರಿಗೆ ಇನ್ನೊಂದು ವಿಷಯ. ಆದಾಯ ತೆರಿಗೆ ಕಾನೂನಿನಂತೆ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ, ಬ್ಯಾಂಕ್ ಮೂಲಕವೇ ಆಗಬೇಕು. ವಾಪಸ್ ಕೊಡುವಾಗಲೂ ಇದೇ ನಿಯಮ. ದಂಡ ಸಾಲದ ಮೊತ್ತದಷ್ಟೇ ಬೀಳಬಹುದು, ಅದೂ ತೆಗೆದುಕೊಂಡವರ ತಲೆಗೆ. ಇಬ್ಬರಿಗೂ ಕೃಷಿ ಆದಾಯ ಮಾತ್ರ ಇದ್ದು, ತೆರಿಗೆಗೆ ಒಳಪಡುವ ಬೇರೆ ಆದಾಯ ಇಲ್ಲದಿದ್ದರೆ ಸಾಲ ತೆಗೆದುಕೊಳ್ಳುವಾಗಿನ ನಿಯಮಕ್ಕೆ ವಿನಾಯಿತಿ ಇದೆ. ಹಾಗಾಗಿ ‘ಬ್ಯಾಂಕಲ್ಲಿ ಹಾಕ್ತೀನಿ’ ಎನ್ನುವುದು ಅಪನಂಬಿಕೆಯ ಮಾತಲ್ಲ, ಅವರಿಗೇ ಒಳ್ಳೆಯದು ಎಂದು ಧೈರ್ಯವಾಗಿ ಹೇಳಬಹುದು.

ಖಾಲಿ ಚೆಕ್ ತಗೊಂಡು ಇಟ್ಟುಕೊಳ್ಳುವ ಚಾಳಿ ನನಗೆ ಹಿಡಿಸುವುದಿಲ್ಲ. ಚೆಕ್ ಬೌನ್ಸ್ ಆದರೆ ಚೆಕ್, ಪ್ರೊನೋಟುಗಳಿಗೆ ಸಂಬಂಧಿಸಿದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನಡಿ ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ ಆಗಬಹುದು. ಚಿಕ್ಕಪ್ಪನ ಮಗನನ್ನು ಆರೋಪಿ ಮಾಡುವ ಕಾಗದವನ್ನು ಬೀರುವಿನಲ್ಲಿ ಇಟ್ಟುಕೊಂಡು ಅವನ ಜೊತೆ ಗೌರಿ ಹಬ್ಬ ಮಾಡಲು ನನಗಂತೂ ಆಗುವುದಿಲ್ಲ. ಚೆಕ್ ಇಲ್ಲದೆ ಕೊಡಲು ಧೈರ್ಯ ಇಲ್ಲವಾದರೆ, ಆ ಸಾಲ ಕೊಡುವಂಥದ್ದಲ್ಲ ಎಂದು ನಿಮ್ಮ ಮನಸ್ಸೇ ಹೇಳುತ್ತಿದೆ ಅಲ್ವಾ?

ಬಡ್ಡಿ ಬೇಕಾ ಬೇಡವಾ ಎನ್ನುವುದು ನಿಮಗೆ ಬಿಟ್ಟದ್ದು. ತೆಗೆದುಕೊಂಡರೆ ಅದು ನಿಮ್ಮ ಆದಾಯ, ತೆರಿಗೆ ಲೆಕ್ಕಕ್ಕೆ ಬರುತ್ತದೆ.

ಜಾಮೀನು ಸಹಿ

‘ದುಡ್ಡೇನೂ ಬೇಡ, ಒಂದ್ ಸಹಿ ಹಾಕಿದ್ರೆ ಸಾಕು’ ಎಂದು ಬರುವವರಿದ್ದಾರೆ. ಅವರಿಗೆ ದುಡ್ಡು ಕೊಡುವುದೇ ಎಷ್ಟೋ ಕ್ಷೇಮ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಬೇರೆ ಷರತ್ತು ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಅವರನ್ನು ಮೊದಲು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂದು ಹೇಳಲು ಬರುವುದಿಲ್ಲ. ಬ್ಯಾಂಕಿನವರಿಗೆ ಯಾರು ಸುಲಭವಾಗಿ ಸಿಗುತ್ತಾರೋ ಅವರ ಹತ್ತಿರ ಬರುತ್ತಾರೆ. ಸಂಬಳದವರು ನೀವಾದರೆ ಸುಲಭವಾಗಿ ಸಿಗುವವರೂ ನೀವೇ. ಕೈಸಾಲದಲ್ಲಿ ಎಷ್ಟು ಹೋಗಬಹುದು ಎಂದು ನೀವು ನಿರ್ಧಾರ ಮಾಡುತ್ತೀರಿ. ಜಾಮೀನಿನಲ್ಲಿ ಬೇರೆಯವರು ಮಾಡುತ್ತಾರೆ. ಚೀಟಿಗೆ ಶ್ಯೂರಿಟಿ ಹಾಕುವುದೂ ಇದೇ ಜಾತಿ.

ವಾಯಿದೆ ದಾಟಿದಾಗ

ಹೇಳಿದ ದಿನ ಬಂತು, ದುಡ್ಡು ಬರಲಿಲ್ಲ. ಇಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಕೇಳಲಿಲ್ಲ. ‘ಅವನಿಗೇ ಗೊತ್ತಾಗಬೇಕು’ ಎಂದುಕೊಂಡೆ. ಅವನಿಗೆ ಗೊತ್ತಿತ್ತು, ಅದಕ್ಕೇ ಅವನು ನಮ್ಮ ಬೀದಿಯಲ್ಲಿ ಬರುವುದನ್ನು ಬಿಟ್ಟ. ಬಸ್ ಸ್ಟ್ಯಾಂಡಿಗೆ ಹೋಗಲು ಹೂವಿನ ಮಾರ್ಕೆಟ್ ಸುತ್ತಿ ಹೋಗುತ್ತಿದ್ದ. ಅದನ್ನು ನಾನು ಸೊಕ್ಕು ಎಂದು ಓದಿಕೊಂಡೆ. ಬೇರೆ ಇಬ್ಬರು ಗೆಳೆಯರ ಹತ್ತಿರ ಆಡಿಕೊಂಡೂ ಬಂದೆ. ಅವನು ಶರ್ಟು ಹೊಲಿಸಿದ್ದು, ಮಗಳನ್ನು ಟೂರಿಗೆ ಕಳಿಸಿದ್ದು, ಎಲ್ಲಾ ನನ್ನ ಲೆಕ್ಕಕ್ಕೆ ಬರತೊಡಗಿತು. ಹೋಳಿಗೆ ಬಂದದ್ದು ಆಗಲೇ.

ಆ ಮದುವೆ ಕಳೆದು ಒಂದು ವಾರಕ್ಕೆ, ಭಾನುವಾರ ಬೆಳಗ್ಗೆ, ನಾನೇ ಅವನ ಮನೆಗೆ ಹೋದೆ. ಬಾಗಿಲು ತೆಗೆದವನ ಮುಖ ಬಿಳಿಚಿಕೊಂಡಿತು. ಕಾಫಿ ಬಂತು. ನಾನು ಕಲಿತುಕೊಂಡು ಹೋಗಿದ್ದ ಮಾತು ಇಷ್ಟೇ: “ದುಡ್ಡಿನ ವಿಷ್ಯ ಮಾತಾಡೋಣ ಅಂತ ಬಂದೆ ಕಣೋ. ಒಟ್ಟಿಗೆ ಬೇಡ. ತಿಂಗಳಿಗೆ ಎಷ್ಟು ಆಗುತ್ತೆ ಹೇಳು.” ಸುಮಾರು ಹೊತ್ತು ಲೋಟ ತಿರುಗಿಸುತ್ತಾ ಕೂತ. ಆಮೇಲೆ “ಎರಡೂವರೆ ಸಾವಿರ” ಎಂದ. 24 ತಿಂಗಳು. ಮಗಳ ಹಳೆಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಅವನೇ 24 ಗೆರೆ ಎಳೆದ. ಅವನ ಹೆಂಡತಿಗೆ ಈ ಸಾಲದ ವಿಷಯವೇ ಅವತ್ತಿನವರೆಗೆ ಗೊತ್ತಿರಲಿಲ್ಲ.

ಹೊರಡುವಾಗ ಅವನೇ ಮದುವೆ ಮಾತು ತೆಗೆದ. “ಅವತ್ತು ನೀನು ಎದುರಿಗೇ ಕೂತಿದ್ದೆ. ತಲೆ ಎತ್ತಿದ್ರೆ ನಿನ್ ಮುಖ ಕಾಣುತ್ತೆ. ಅದಕ್ಕೇ ಎಲೆ ನೋಡ್ಕೊಂಡೇ ತಿಂತಾ ಕೂತೆ. ಹೊಟ್ಟೆ ತುಂಬಿತ್ತು, ಆದ್ರೂ ಇನ್ನೊಂದು ಹೋಳಿಗೆ ಹಾಕಿಸ್ಕೊಂಡೆ.”

ಹಾಗಾಗಿ, ವಾಯಿದೆ ದಾಟಿದ ಮೊದಲ ವಾರದಲ್ಲೇ ಕೇಳಿ. ಹನ್ನೊಂದು ತಿಂಗಳು ಕಾದರೆ ಆ ಮಾತು ಹನ್ನೊಂದು ಪಟ್ಟು ಭಾರವಾಗಿರುತ್ತದೆ. ಎದುರಿಗೆ ಕೇಳಿ, ಬೇರೆಯವರ ಮುಂದೆ ಬೇಡ, ಮಕ್ಕಳ ಮುಂದಂತೂ ಬೇಡವೇ ಬೇಡ. ‘ಯಾವಾಗ ಕೊಡ್ತೀಯ’ ಎಂದು ಕೇಳಿದರೆ ‘ಮುಂದಿನ ತಿಂಗಳು’ ಎಂಬ ಉತ್ತರ ಬಾಯಿಗೆ ತಾನಾಗಿ ಬರುತ್ತದೆ. ‘ತಿಂಗಳಿಗೆ ಎಷ್ಟಾಗುತ್ತೆ’ ಎಂದರೆ ಅವರು ನಿಜವಾಗಿಯೂ ಲೆಕ್ಕ ಹಾಕಬೇಕಾಗುತ್ತದೆ. ಅವರು ಹೇಳಿದ ಕಂತು ಚಿಕ್ಕದೆನಿಸಿದರೂ ಒಪ್ಪಿಕೊಳ್ಳಿ. ಕಂತು ಕೊಟ್ಟಾಗಲೆಲ್ಲ ಅವರ ಕೈಯಲ್ಲೇ ತಾರೀಖು ಬರೆಸಿ ಸಹಿ ಹಾಕಿಸಿ. ಹೀಗೆ ಬರೆದು ಕೊಟ್ಟ ಕಂತಿನಿಂದ, ಕೋರ್ಟಿಗೆ ಹೋಗುವ ಹಳೆಯ ಅವಧಿ ಇನ್ನೂ ಮುಗಿದಿಲ್ಲದಿದ್ದರೆ, ಆ ಮೂರು ವರ್ಷ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಬರುವುದೇ ಇಲ್ಲ ಎಂದಾದರೆ

ಎರಡು ದಾರಿ. ಮೊತ್ತ ದೊಡ್ಡದು, ಕಾಗದ ಇದೆ, ಮನುಷ್ಯ ಕೊಡಬಲ್ಲ ಆದರೆ ಕೊಡುತ್ತಿಲ್ಲ ಎಂದರೆ ವಕೀಲರ ನೋಟಿಸು ಕಳಿಸಿ, ಅದರಲ್ಲಿ ಪಾಪವೇನಿಲ್ಲ. ಮನುಷ್ಯ ನಿಜವಾಗಿಯೂ ಮುಳುಗಿದ್ದಾನೆ ಎಂದರೆ ಬಿಟ್ಟುಬಿಡಿ. ಆದರೆ ಬಿಡುವುದನ್ನು ಬಾಯಿ ಬಿಟ್ಟು ಹೇಳಿ. ‘ಆ ದುಡ್ಡಿನ ಮಾತು ಇಲ್ಲಿಗೆ ಮುಗೀತು, ನೀನು ಮನೆಗೆ ಬರೋದು ನಿಲ್ಲಿಸ್ಬೇಡ’ ಎಂದು. ಮನಸ್ಸಿನಲ್ಲೇ ಬಿಟ್ಟರೆ ಅವರಿಗೆ ಹೇಗೆ ಗೊತ್ತಾಗಬೇಕು? ಅವರು ಹೂವಿನ ಮಾರ್ಕೆಟ್ ಸುತ್ತುತ್ತಲೇ ಇರುತ್ತಾರೆ.

ಮೂರನೆಯದೊಂದು ದಾರಿ ಇದೆ, ಹೆಚ್ಚಿನವರು ಹಿಡಿಯುವುದು ಅದನ್ನೇ. ಬಿಟ್ಟೆ ಎಂದು ಹೇಳಿ, ಪ್ರತಿ ಹಬ್ಬದಲ್ಲೂ ಒಂದು ಸಲ ನೆನಪಿಸುವುದು. ನಮ್ಮ ದೊಡ್ಡಮ್ಮ ಒಬ್ಬರು ಯಾವತ್ತೋ ಬಿಟ್ಟುಕೊಟ್ಟ ನಾಲ್ಕು ಸಾವಿರದ ಕಥೆಯನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಅಷ್ಟು ಮಾತಿಗೆ ಬಡ್ಡಿ ಹಾಕಿದ್ದರೆ ಒಂದು ಸೈಟು ಬರುತ್ತಿತ್ತು.

ತೆಗೆದುಕೊಂಡವರು ನೀವಾದರೆ

ಇದನ್ನು ಓದುವವರಲ್ಲಿ ಅರ್ಧ ಜನ ಆ ಕಡೆಯವರೂ ಇರುತ್ತೀರಿ, ನಾನೂ ಇದ್ದೆ. ಹೇಳಿದ ದಿನಕ್ಕೆ ಆಗುವುದಿಲ್ಲ ಎಂದು ಗೊತ್ತಾದ ದಿನವೇ ಫೋನ್ ಮಾಡಿ, ಅವರು ಮಾಡುವವರೆಗೆ ಕಾಯಬೇಡಿ. ಐನೂರು ಆಗಲಿ, ಸಾವಿರ ಆಗಲಿ, ಕಳಿಸಿ. ಕೊಟ್ಟವರಿಗೆ ಬೇಕಾಗಿರುವುದು ನೀವು ಮರೆತಿಲ್ಲ ಎನ್ನುವ ಗುರುತು. ಮಗುವಿಗೆ ಹೊಸ ಸೈಕಲ್ ಕೊಡಿಸಿದರೆ ಕೊಡಿಸಿ, ಅದರ ಫೋಟೋವನ್ನು ಸ್ಟೇಟಸ್ಸಿಗೆ ಹಾಕುವ ಮೊದಲು ಸ್ವಲ್ಪ ಯೋಚಿಸಿ. ಅದು ನಿಮ್ಮ ಹಕ್ಕು ನಿಜ, ಆದರೆ ಆ ಕಡೆ ಒಬ್ಬ ಹೋಳಿಗೆ ಎಣಿಸುವವನು ಕೂತಿದ್ದಾನೆ.

ಪೂರ್ತಿ ತೀರಿದ ದಿನ ‘ಚುಕ್ತಾ’ ಎಂದು ಅವರಿಂದ ಬರೆಸಿಕೊಂಡು, ಪ್ರೊನೋಟು ಇದ್ದರೆ ಅದನ್ನು ವಾಪಸ್ ಇಸಿದುಕೊಳ್ಳಿ. ನನ್ನ ಗೆಳೆಯ 24 ತಿಂಗಳು ಎಂದಿದ್ದ, 27 ಆಯಿತು. ಕೊನೆಯ ಕಂತು ಕೊಟ್ಟ ಸಂಜೆ ಆ ಹಾಳೆಯನ್ನು ಮೇಜಿನ ಮೇಲಿಟ್ಟೆ. ಮಡಿಕೆಗಳಲ್ಲಿ ಹರಿದು, ಒಂದು ಮೂಲೆಯಲ್ಲಿ ಕಾಫಿ ಕಲೆ ಕೂತಿತ್ತು. ಕೆಳಗೆ ‘ಚುಕ್ತಾ’ ಎಂದು ಬರೆದು ಸಹಿ ಹಾಕಿದೆ. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. “ಮನೇಲಿ ತೋರಿಸ್ಬೇಕು” ಎಂದ. ಅದರ ಫೋಟೋ ತೆಗೆದಿಟ್ಟುಕೊಳ್ಳುವುದು ನನಗೆ ಹೊಳೆಯಲೇ ಇಲ್ಲ. ನೀವು ತೆಗೆದಿಟ್ಟುಕೊಳ್ಳಿ.